ವ್ಯಾನ್ ಗೋ ಕಂತು ಮತ್ತು ಒಂದು ವೀಕ್ಷಕ ಬಳಗ: ಪ್ರಕರಣ ಅಧ್ಯಯನ

ಇಂಗ್ಲೆಂಡಿನ ಒಂದು ಸಾಧಾರಣ ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಸೇರುತ್ತಿದ್ದ ವೀಕ್ಷಕ ಬಳಗವೊಂದರಲ್ಲಿ ಕೆಲವು ವರ್ಷಗಳ ಹಿಂದೆ ನಡೆದ ಸಂಗತಿ ಇದು. ಬಳಗದಲ್ಲಿದ್ದವರ ಹೆಸರನ್ನಾಗಲಿ ಊರಿನ ಗುರುತನ್ನಾಗಲಿ ಇಲ್ಲಿ ಕೊಟ್ಟಿಲ್ಲ. ಗುರುತು ಹತ್ತಬಹುದಾದ ಕೆಲವು ವಿವರಗಳನ್ನು ಬೇಕೆಂದೇ ಬದಲಿಸಿದ್ದೇನೆ. ಬಳಗವನ್ನು ಇಬ್ಬರು ನಡೆಸುತ್ತಿದ್ದರು: ಒಬ್ಬರು ನಿವೃತ್ತ ಇತಿಹಾಸ ಶಿಕ್ಷಕರು, ಇನ್ನೊಬ್ಬರು ಮಾನಸಿಕ ಆರೋಗ್ಯ ವಿಭಾಗದಲ್ಲಿ ದೀರ್ಘಕಾಲ ದುಡಿದಿದ್ದ ದಾದಿ. ಚರ್ಚೆಯ ಟಿಪ್ಪಣಿ ಬರೆದುಕೊಡುವ ಕೆಲಸ ನನ್ನದಾಗಿತ್ತು. ಒಂದು ಚಿತ್ರವನ್ನೋ ಕಂತನ್ನೋ ಎಲ್ಲರೂ ಒಟ್ಟಿಗೆ ನೋಡಿ ಮಾತನಾಡುವ ಬಳಗಗಳನ್ನು ನಡೆಸುವವರಿಗೆ ಇದರಿಂದ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಹಿನ್ನೆಲೆ

ಅಂದು ನೋಡಲು ಆರಿಸಿಕೊಂಡಿದ್ದು ಬಿಬಿಸಿಯ 'ಡಾಕ್ಟರ್ ಹೂ' ಧಾರಾವಾಹಿಯ ಒಂದು ಕಂತು. 2010ರ ಜೂನ್ 5ರಂದು ಮೊದಲು ಪ್ರಸಾರವಾದ, ರಿಚರ್ಡ್ ಕರ್ಟಿಸ್ ಬರೆದ 'ವಿನ್ಸೆಂಟ್ ಅಂಡ್ ದ ಡಾಕ್ಟರ್'. ಹತ್ತೊಂಬತ್ತನೆಯ ಶತಮಾನದ ಡಚ್ ಚಿತ್ರಕಾರ ವಿನ್ಸೆಂಟ್ ವ್ಯಾನ್ ಗೋ ಇದರ ಮುಖ್ಯ ಪಾತ್ರ. 1963ರಲ್ಲಿ ಶುರುವಾದ ಈ ಧಾರಾವಾಹಿಗೆ ಮಕ್ಕಳಿಗೆ ಇತಿಹಾಸವನ್ನೂ ವಿಜ್ಞಾನವನ್ನೂ ಪರಿಚಯಿಸುವ ಉದ್ದೇಶ ಮೊದಲಿನಿಂದಲೇ ಇತ್ತು; ಮರುವರ್ಷವೇ ಮಾರ್ಕೊ ಪೋಲೊ ಅದರಲ್ಲಿ ಪಾತ್ರವಾಗಿ ಬಂದ. ಈ ಶತಮಾನದಲ್ಲಿ ಧಾರಾವಾಹಿ ಮತ್ತೆ ಆರಂಭವಾದ ಮೇಲೆ ಡಿಕನ್ಸ್, ವಿಕ್ಟೋರಿಯಾ ರಾಣಿ, ಷೇಕ್ಸ್‌ಪಿಯರ್, ಅಗಾಥಾ ಕ್ರಿಸ್ಟಿ ಸಾಲಾಗಿ ಬಂದುಹೋದರು. ಇಂಥ ಕಂತುಗಳಿಗೆ ಒಂದು ಸಿದ್ಧ ಅಚ್ಚು ಇರುತ್ತದೆ. ಕಾಲಯಾತ್ರಿಕ ಡಾಕ್ಟರ್ ಹಿಂದಿನ ಕಾಲಕ್ಕೆ ಹೋಗುತ್ತಾನೆ, ಅಲ್ಲೊಂದು ಅನ್ಯಗ್ರಹದ ಜೀವಿ ಇರುತ್ತದೆ, ಪ್ರಸಿದ್ಧ ವ್ಯಕ್ತಿಯ ಸಹಾಯದಿಂದ ಅದು ಸೋಲುತ್ತದೆ, ಇತಿಹಾಸ ಇದ್ದ ಹಾಗೆಯೇ ಉಳಿಯುತ್ತದೆ.

ವ್ಯಾನ್ ಗೋ ಕಂತು ಹೊರನೋಟಕ್ಕೆ ಇದೇ ಅಚ್ಚಿನದು. ಪ್ಯಾರಿಸ್ಸಿನ ಮ್ಯೂಸೆ ದೋರ್ಸೆಯಲ್ಲಿ ವ್ಯಾನ್ ಗೋ ಬರೆದ, ಓವೇರ್ ಎಂಬ ಊರಿನ ಚರ್ಚಿನ ವರ್ಣಚಿತ್ರವನ್ನು ನೋಡುತ್ತಿರುವಾಗ ಅದರ ಕಿಟಕಿಯಲ್ಲಿ ವಿಕಾರವಾದ ಮುಖವೊಂದು ಡಾಕ್ಟರ್‌ನ ಕಣ್ಣಿಗೆ ಬೀಳುತ್ತದೆ. ಅವನೂ ಜತೆಗಾತಿ ಏಮಿಯೂ 1890ಕ್ಕೆ ಹೋಗುತ್ತಾರೆ. ಆ ಜೀವಿ ವಿನ್ಸೆಂಟನೊಬ್ಬನಿಗೆ ಮಾತ್ರ ಕಾಣುತ್ತದೆ. ಅದು ಕುರುಡು, ತನ್ನ ಹಿಂಡು ಬಿಟ್ಟುಹೋದ ಒಂಟಿ ಪ್ರಾಣಿ ಎಂಬುದು ಕೊನೆಗೆ ತಿಳಿಯುತ್ತದೆ. ಸಾಮಾನ್ಯವಾಗಿ ಇಂಥ ಕಂತು ಅಲ್ಲಿಗೆ ಮುಗಿಯಬೇಕು, ಇದು ಮುಗಿಯುವುದಿಲ್ಲ. ಡಾಕ್ಟರ್ ವಿನ್ಸೆಂಟನನ್ನು 2010ರ ಅದೇ ಮ್ಯೂಸಿಯಮ್ಮಿಗೆ ಕರೆತಂದು ಅವನ ಚಿತ್ರಗಳ ನಡುವೆ ನಿಲ್ಲಿಸುತ್ತಾನೆ. ಎದುರಿಗಿರುವವನು ಯಾರೆಂದು ಅರಿಯದ ಮ್ಯೂಸಿಯಂ ಅಧಿಕಾರಿ ವ್ಯಾನ್ ಗೋನನ್ನು ಎಲ್ಲರಿಗಿಂತ ದೊಡ್ಡ ಕಲಾವಿದನೆಂದು ಬಣ್ಣಿಸುತ್ತಾನೆ, ವಿನ್ಸೆಂಟ್ ಅದನ್ನು ಕೇಳಿಸಿಕೊಂಡು ಅಳುತ್ತಾನೆ. ಅವನನ್ನು ಅವನ ಕಾಲಕ್ಕೆ ಬಿಟ್ಟುಬಂದ ಏಮಿ, ಇನ್ನು ಅವನು ಬಹುಕಾಲ ಬದುಕಿ ನೂರಾರು ಹೊಸ ಚಿತ್ರ ಬರೆದಿರುತ್ತಾನೆಂಬ ಉತ್ಸಾಹದಲ್ಲಿ ಮ್ಯೂಸಿಯಮ್ಮಿಗೆ ಓಡುತ್ತಾಳೆ. ಹೊಸ ಚಿತ್ರಗಳಿಲ್ಲ. ಅವನು ಮೂವತ್ತೇಳನೆಯ ವಯಸ್ಸಿನಲ್ಲೇ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡ ಸಂಗತಿ ಇದ್ದಂತೆಯೇ ಇದೆ. ಬದಲಾದದ್ದು ಎರಡೇ: ಚರ್ಚಿನ ಕಿಟಕಿಯಲ್ಲಿ ಆ ಮುಖವಿಲ್ಲ, ಸೂರ್ಯಕಾಂತಿಯ ಹೂದಾನಿಯ ಮೇಲೆ ಏಮಿಯ ಹೆಸರಿದೆ.

ಮೊದಲ ಪ್ರಸಾರದ ಕೊನೆಯಲ್ಲಿ ಬಿಬಿಸಿ, ಕಥೆಯ ವಿಷಯದಿಂದ ಕಲಕಿಹೋದವರಿಗಾಗಿ ಸಹಾಯವಾಣಿಯ ಮಾಹಿತಿ ನೀಡಿತ್ತು. ಶನಿವಾರ ಸಂಜೆ ಮಕ್ಕಳೂ ದೊಡ್ಡವರೂ ಒಟ್ಟಿಗೆ ಕುಳಿತು ನೋಡುವ ವಿಜ್ಞಾನ ಕಥಾ ಧಾರಾವಾಹಿಗೆ ಅದು ನಿತ್ಯದ ಕ್ರಮವಲ್ಲ. ಬಳಗದ ದಾದಿ ಈ ಕಂತನ್ನು ಆರಿಸಿದ್ದಕ್ಕೂ, ಶಿಕ್ಷಕರು ಅದಕ್ಕೆ ಒಪ್ಪಿದ್ದಕ್ಕೂ ಕಾರಣ ಬೇರೆಬೇರೆಯಾಗಿತ್ತು. ಆಕೆಗೆ ಖಿನ್ನತೆಯ ಬಗ್ಗೆ ಮಾತು ಶುರುಮಾಡಲು ಒಂದು ನೆಪ ಬೇಕಿತ್ತು. ಅವರಿಗೆ ಇತಿಹಾಸವನ್ನು ಟೀವಿ ಹೇಗೆ ತಿರುಚುತ್ತದೆ ಎಂದು ತೋರಿಸಲು ಒಂದು ಉದಾಹರಣೆ ಬೇಕಿತ್ತು. ಈ ಭಿನ್ನತೆಯನ್ನು ಇಬ್ಬರೂ ಮೊದಲೇ ಮಾತನಾಡಿಕೊಂಡಿರಲಿಲ್ಲ.

ಸಮಸ್ಯೆ

ಕಂತು ಮುಗಿದು ದೀಪ ಹಾಕಿದಾಗ ಹಲವರ ಕಣ್ಣು ಒದ್ದೆಯಾಗಿತ್ತು. ಅದೇ ಹೊತ್ತಿಗೆ ಶಿಕ್ಷಕರು ತಾವು ಸಿದ್ಧಪಡಿಸಿದ್ದ ಒಂದು ಹಾಳೆಯನ್ನು ಹಂಚಿದರು. ಅದರಲ್ಲಿದ್ದುದೆಲ್ಲ ನಿಜವೇ. ಕಂತಿನಲ್ಲಿ ಕಾಣುವ ರಾತ್ರಿಯ ಕೆಫೆಯನ್ನು ವ್ಯಾನ್ ಗೋ ಬರೆದದ್ದು 1888ರ ಸೆಪ್ಟೆಂಬರಿನಲ್ಲಿ, ದಕ್ಷಿಣ ಫ್ರಾನ್ಸಿನ ಆರ್ಲ್‌ನಲ್ಲಿ. ಹುಲ್ಲಿನ ಮೇಲೆ ಮಲಗಿ ಮೂವರೂ ನೋಡುತ್ತಿರುವಂತೆಯೇ ಆಕಾಶವು ಯಾವ ನಕ್ಷತ್ರ ರಾತ್ರಿಯ ಚಿತ್ರವಾಗಿ ಸುರುಳಿಗಟ್ಟುತ್ತದೆಯೋ ಅದು 1889ರ ಜೂನ್ ತಿಂಗಳದು. ಸೇಂಟ್ ರೆಮಿಯ ಮಾನಸಿಕ ಚಿಕಿತ್ಸಾಲಯದಲ್ಲಿದ್ದಾಗ ಬರೆದದ್ದು. ಚರ್ಚಿನ ಚಿತ್ರ 1890ರ ಜೂನ್‌ನದು. ಅದಿರುವ ಓವೇರ್ ಪ್ಯಾರಿಸ್ಸಿನ ಉತ್ತರಕ್ಕೆ, ಆರ್ಲ್‌ನಿಂದ ನೂರಾರು ಮೈಲಿ ದೂರ. ಏಮಿಯಿಂದ ಪ್ರೇರಣೆ ಪಡೆದನೆನ್ನುವ ಸೂರ್ಯಕಾಂತಿಗಳನ್ನು ಅವನು ಎರಡು ವರ್ಷ ಮೊದಲೇ ಬರೆದಾಗಿತ್ತು. ಕಂತು ಇವೆಲ್ಲವನ್ನೂ ಒಂದೇ ಊರಿಗೂ ಒಂದೆರಡು ದಿನಗಳಿಗೂ ತುರುಕಿದೆ.

ಹಾಳೆ ಕೈಗೆ ಬಂದದ್ದೇ ಮಾತಿನ ದಿಕ್ಕು ಬದಲಾಯಿತು. ಚಿತ್ರಕಲೆ ಬಲ್ಲ ಇಬ್ಬರು ಪಟ್ಟಿಗೆ ಹೊಸ ತಪ್ಪುಗಳನ್ನು ಸೇರಿಸುತ್ತ ಹೋದರು. ಧಾರಾವಾಹಿಯ ಹಳೆಯ ಅಭಿಮಾನಿಯೊಬ್ಬರು, ಕಾಲಯಂತ್ರವನ್ನು ಒಪ್ಪಿಕೊಂಡವರು ಕೆಫೆಯ ತಾರೀಖಿಗೆ ತಕರಾರು ತೆಗೆಯುವುದು ತಮಾಷೆಯಾಗಿದೆ ಎಂದರು; ಮಾತು ಚುರುಕಾಗಿತ್ತು, ಆದರೆ ಅದರಲ್ಲಿ ಮುನಿಸೂ ಇತ್ತು. ಅತ್ತವರು ಸುಮ್ಮನಾದರು. ತಮ್ಮ ಅಳುವಿಗೆ ಕಾರಣವಾದದ್ದನ್ನು ಯಾರೋ ಕೆಂಪು ಶಾಯಿಯಲ್ಲಿ ತಿದ್ದುತ್ತಿರುವಾಗ ಬಾಯಿ ತೆರೆಯಲು ಯಾರಿಗೆ ಮನಸ್ಸು ಬರುತ್ತದೆ?

ಅಷ್ಟರಲ್ಲಿ ಇಪ್ಪತ್ತರ ಆಸುಪಾಸಿನ ಒಬ್ಬ ಯುವಕ ಮಾತನಾಡಿದ. ಮ್ಯೂಸಿಯಮ್ಮಿನ ದೃಶ್ಯ ತನಗೆ ಸಹಿಸಲಾಗಲಿಲ್ಲವೆಂದ. ಬದುಕು ಬೇಡವೆನ್ನಿಸಿದವನಿಗೆ 'ನೀನು ದೊಡ್ಡವನು, ಜನ ನಿನ್ನನ್ನು ನೆನೆಯುತ್ತಾರೆ' ಎಂದು ಹೇಳಿದರೆ ಎಲ್ಲ ಸರಿಹೋಗುತ್ತದೆಂಬ ಸುಳ್ಳನ್ನು ಈ ಕಂತು ಮಾರುತ್ತಿದೆ, ದೊಡ್ಡವರಲ್ಲದವರ ಗತಿಯೇನು ಎಂಬುದು ಅವನ ಪ್ರಶ್ನೆ. ಯಾರೋ ಸಮಾಧಾನದ ಮಾತು ಆಡುವಷ್ಟರಲ್ಲಿ ಅವನು ಕೋಟು ತೆಗೆದುಕೊಂಡು ಎದ್ದ. ದಾದಿ ಅವನ ಹಿಂದೆಯೇ ಹೊರಗೆ ಹೋದರು. ಒಳಗೆ ಚರ್ಚೆ ಸೂರ್ಯಕಾಂತಿಗೆ ಮರಳಿ ಸಪ್ಪೆಯಾಗಿ ಮುಗಿಯಿತು.

ಹೊರಗೆ ಅವರಿಬ್ಬರ ನಡುವೆ ನಡೆದ ಮಾತು ಟಿಪ್ಪಣಿಯಲ್ಲಿಲ್ಲ, ಇರಲೂ ಕೂಡದು. ಅವನು ಸುರಕ್ಷಿತವಾಗಿದ್ದಾನೆಂದು ಖಾತ್ರಿಯಾದ ಮೇಲೆಯೇ ಆಕೆ ಮನೆಗೆ ಹೋದದ್ದೆಂದಷ್ಟೇ ಹೇಳಬಲ್ಲೆ.

ಏನು ಮಾಡಲಾಯಿತು

ಆ ವಾರ ಸಂಚಾಲಕರಿಬ್ಬರೂ ಕುಳಿತು ಮಾತನಾಡಿದರು. ಈ ವಿಷಯವನ್ನು ಇಲ್ಲಿಗೇ ಕೈಬಿಡೋಣ, ಮುಂದಿನ ಬಾರಿ ಹಗುರವಾದ ಏನನ್ನಾದರೂ ತೋರಿಸೋಣ ಎಂಬುದು ಶಿಕ್ಷಕರ ಸಲಹೆಯಾಗಿತ್ತು. ದಾದಿ ಒಪ್ಪಲಿಲ್ಲ. ಯುವಕ ಸಿಟ್ಟಾದದ್ದು ಅಪಾಯದ ಸೂಚನೆಯೆಂದು ಭಾವಿಸಿ ವಿಷಯವನ್ನೇ ಮುಚ್ಚಿಟ್ಟರೆ, ಆ ಕೋಣೆಯಲ್ಲಿ ಇಂಥ ಮಾತಿಗೆ ಜಾಗವಿಲ್ಲವೆಂದು ಅವನಿಗೂ ಸುಮ್ಮನಿದ್ದ ಉಳಿದವರಿಗೂ ಹೇಳಿದಂತಾಗುತ್ತದೆ ಎಂದು ಆಕೆ ವಾದಿಸಿದರು. ಇದು ಈ ಪ್ರಕರಣದ ಮೊದಲ ಮುಖ್ಯ ತೀರ್ಮಾನ; ನನ್ನ ಮಟ್ಟಿಗೆ ಅದು ಸರಿಯಾದ ತೀರ್ಮಾನ. ಆದರೆ ಅದು ಸರಿಯಾಗಿದ್ದುದು ಜತೆಯಲ್ಲಿ ಅನುಭವವುಳ್ಳ ಒಬ್ಬ ಆರೋಗ್ಯ ಕಾರ್ಯಕರ್ತೆ ಇದ್ದುದರಿಂದ. ಅಂಥವರಿಲ್ಲದ ಬಳಗಕ್ಕೆ ಇದೇ ಧೈರ್ಯವನ್ನು ನಾನು ಸೂಚಿಸಲಾರೆ.

ಅದೇ ಕಂತಿಗೆ ಮತ್ತೊಂದು ಸಂಜೆ ಕೊಡುವುದೆಂದು ಗೊತ್ತಾಯಿತು. ಬರಲೇಬೇಕೆಂಬ ಒತ್ತಾಯ ಯಾರಿಗೂ ಇರಲಿಲ್ಲ. ಸಹಾಯವಾಣಿಯ ಸಂಖ್ಯೆಗಳನ್ನು ಬಾಗಿಲ ಬಳಿ ಹಾಕಲಾಯಿತು. ಬಾಗಿಲಿಗೆ ಹತ್ತಿರದ ಕುರ್ಚಿ ದಾದಿಯದೇ ಆಯಿತು. ಸಾವಿನ ರೀತಿಯ ವಿವರಕ್ಕೆ ಹೋಗುವುದಿಲ್ಲವೆಂದು ಆರಂಭದಲ್ಲೇ ಎಲ್ಲರಿಗೂ ತಿಳಿಸಲಾಯಿತು. ಇವು ಎಲ್ಲ ಕೈಪಿಡಿಗಳಲ್ಲೂ ಇರುವ ಎಚ್ಚರಿಕೆಗಳು. ವ್ಯತ್ಯಾಸ ಮಾಡಿದ್ದು ಬೇರೆ ಎರಡು ಬದಲಾವಣೆ.

ಒಂದನೆಯದು ಪ್ರಶ್ನೆಯದು. ಕಂತು ಹೇಗಿತ್ತು, ಇಷ್ಟವಾಯಿತೇ, ಎಷ್ಟು ನಿಜ ಎಂದು ಕೇಳುವ ಬದಲು 'ಯಾವ ದೃಶ್ಯದಲ್ಲಿ ನೀವು ಪರದೆಯಿಂದ ಕಣ್ಣು ತೆಗೆದಿರಿ' ಎಂದು ಕೇಳುವುದಾಯಿತು. ಈ ಪ್ರಶ್ನೆಗೆ ಪಾಂಡಿತ್ಯ ಬೇಕಿಲ್ಲ, ಸ್ವಂತ ಬದುಕನ್ನು ತೆರೆದಿಡಬೇಕಾದ ಒತ್ತಾಯವೂ ಇಲ್ಲ.

ಎರಡನೆಯದು ಪ್ರದರ್ಶನದ ರೀತಿಯದು. ಮಾತುಕತೆಯ ನಡುವೆ ದಾದಿಗೆ ಒಂದು ಅಂಶ ಹೊಳೆದಿತ್ತು. ಮ್ಯೂಸಿಯಮ್ಮಿನ ದೃಶ್ಯ ಬಿಡಿ ತುಣುಕಾಗಿ ಅಂತರ್ಜಾಲದಲ್ಲಿ ಲೆಕ್ಕವಿಲ್ಲದಷ್ಟು ಬಾರಿ ಹಂಚಿಕೆಯಾಗಿದೆ. ಸಾಮಾನ್ಯವಾಗಿ ಆ ತುಣುಕು ವಿನ್ಸೆಂಟನ ಅಳು, ಅಪ್ಪುಗೆಗೆ ಮುಗಿಯುತ್ತದೆ. ಬಳಗದ ಎಷ್ಟೋ ಜನ ಕಂತನ್ನು ನೋಡುವ ಮೊದಲೇ ತುಣುಕನ್ನು ನೋಡಿದ್ದವರು. ಮೊದಲ ಸಂಜೆ ಇಡೀ ಕಂತನ್ನು ನೋಡಿದ ಮೇಲೂ ಅವರ ಮಾತೆಲ್ಲ ತುಣುಕಿನ ಬಗ್ಗೆಯೇ ಇತ್ತು. ಏಮಿ ಮರಳಿ ಓಡಿಬರುವ ಭಾಗವನ್ನು ಹೊಗಳಿದವರೂ ತೆಗಳಿದವರೂ ಎತ್ತಿರಲಿಲ್ಲ. ಹಾಗಾಗಿ ಈ ಬಾರಿ ಕೊನೆಯ ಭಾಗವನ್ನು ಮಾತ್ರ ಎರಡು ತುಂಡಾಗಿ ತೋರಿಸುವುದು, ಅಪ್ಪುಗೆಯ ಬಳಿ ನಿಲ್ಲಿಸಿ ಮಾತನಾಡುವುದು, ಆಮೇಲೆ ಉಳಿದದ್ದನ್ನು ನೋಡುವುದು ಎಂದು ನಿಶ್ಚಯವಾಯಿತು.

ಏನಾಯಿತು

ಯುವಕ ಬಂದಿದ್ದ. ಹಿಂದಿನ ಸಾಲಿನಲ್ಲಿ ಕುಳಿತ.

ಕಣ್ಣು ತೆಗೆದ ದೃಶ್ಯ ಯಾವುದೆಂಬ ಪ್ರಶ್ನೆಗೆ ಮ್ಯೂಸಿಯಮ್ಮಿನ ದೃಶ್ಯವೇ ಹೆಚ್ಚಾಗಿ ಬರಬಹುದೆಂದು ನಾವು ಎಣಿಸಿದ್ದೆವು. ಬಂದದ್ದು ಬೇರೆ. ಹಲವರು ಹೇಳಿದ್ದು ಕಂತಿನ ನಡುವಿನ ಒಂದು ಚಿಕ್ಕ ದೃಶ್ಯವನ್ನು: ವಿನ್ಸೆಂಟ್ ಹಾಸಿಗೆಯಲ್ಲಿ ಮುಖ ಮುಚ್ಚಿ ಬಿದ್ದಿರುತ್ತಾನೆ, ಡಾಕ್ಟರ್ ಹುರುಪಿನ ಮಾತಾಡಿ ಎಬ್ಬಿಸಲು ನೋಡುತ್ತಾನೆ, ವಿನ್ಸೆಂಟ್ ಹೊರಗೆ ಹೋಗೆಂದು ಅಬ್ಬರಿಸುತ್ತಾನೆ, ಡಾಕ್ಟರ್ ಹೋಗಿಬಿಡುತ್ತಾನೆ. ಸ್ವಲ್ಪ ಹೊತ್ತಿಗೆ ವಿನ್ಸೆಂಟ್ ತಾನಾಗಿಯೇ ಟೋಪಿ ಹಾಕಿಕೊಂಡು ಏನೂ ಆಗಿಲ್ಲವೆಂಬಂತೆ ಹೊರಗೆ ಬರುತ್ತಾನೆ.

ಆ ಬಳಗಕ್ಕೆ ಮಗಳ ಜತೆ ಬರುತ್ತಿದ್ದ ಕನ್ನಡದ ಹಿರಿಯ ಮಹಿಳೆಯೊಬ್ಬರಿದ್ದರು. ಇಂಗ್ಲಿಷ್ ಅರ್ಥವಾಗುತ್ತಿತ್ತು, ಮಾತನಾಡಲು ಸಂಕೋಚ. ಮೊದಲ ಸಂಜೆ ಅವರು ತುಟಿ ಬಿಚ್ಚಿರಲಿಲ್ಲ. ಈಗ ಮಗಳ ಕಡೆ ತಿರುಗಿ, ಮೆಲ್ಲಗೆ ಆದರೆ ನನಗೆ ಕೇಳಿಸುವಂತೆ, "ಗದರಿದ ತಕ್ಷಣ ಎದ್ದು ಹೋಗೇಬಿಟ್ಟನಲ್ಲೇ ಅವನು. ಮನೇವ್ರಿಗೆ ಹಂಗೆ ಹೋಗಕ್ಕಾಗುತ್ತಾ?" ಎಂದರು.

"ಅಮ್ಮ, ಅವನು ಡಾಕ್ಟರ್, ಮನೆಯವನಲ್ಲ" ಎಂದಳು ಮಗಳು.

"ಅದೇ ನಾನೂ ಹೇಳ್ತಿರೋದು. ಮ್ಯೂಸಿಯಮ್ಮಲ್ಲಿ ಹೊಗಳಕ್ಕೆ ಜನ ಇದಾರೆ. ಈ ಕೋಣೇಲಿ ಯಾರಿದಾರೆ? ಅವನಿಗೆ ಅಣ್ಣತಮ್ಮಂದ್ರು ಇರ್ಲಿಲ್ವಾ? ಕೇಳು ಅವ್ರನ್ನ."

ಮಗಳು ಅದನ್ನು ಇಂಗ್ಲಿಷಿನಲ್ಲಿ ಕೇಳಿದಳು. ಚರ್ಚೆ ಹೊರಳಿದ್ದು ಇಲ್ಲಿಯೇ. ಶಿಕ್ಷಕರ ಬಳಿ ಉತ್ತರವಿತ್ತು; ಆ ಉತ್ತರ ಈಗ ಯಾರನ್ನೂ ತಿದ್ದುವುದಕ್ಕಲ್ಲ, ಕೇಳಿದವರಿಗೆ ಹೇಳುವುದಕ್ಕೆ. ತಮ್ಮ ಥಿಯೊ ಇದ್ದ. ವರ್ಷಗಟ್ಟಲೆ ಹಣ ಕಳಿಸಿ ಅಣ್ಣನನ್ನು ಸಾಕಿದ. ವಿನ್ಸೆಂಟ್ ಅವನಿಗೆ ಬರೆದ ಪತ್ರಗಳಲ್ಲಿ 600ಕ್ಕೂ ಹೆಚ್ಚು ಉಳಿದಿವೆ. 1890ರ ಜುಲೈ 29ರಂದು ವಿನ್ಸೆಂಟ್ ಸಾಯುವಾಗ ಥಿಯೊ ಪಕ್ಕದಲ್ಲೇ ಇದ್ದ. ಆರು ತಿಂಗಳಲ್ಲಿ, 1891ರ ಜನವರಿಯಲ್ಲಿ, ಅವನೂ ತೀರಿಕೊಂಡ. ಇಪ್ಪತ್ತೆಂಟನೆಯ ವಯಸ್ಸಿಗೆ ವಿಧವೆಯಾದ ಅವನ ಹೆಂಡತಿ ಯೋ ವ್ಯಾನ್ ಗೋ-ಬೊಂಗರ್, ಕೈಯಲ್ಲಿ ಒಂದು ವರ್ಷವೂ ತುಂಬದ ಮಗು, ಮನೆ ತುಂಬ ಯಾರೂ ಕೇಳದ ಚಿತ್ರಗಳು ಇದ್ದಾಗ ಅವನ್ನು ಮಾರಿ ಕೈತೊಳೆದುಕೊಳ್ಳದೆ ದಶಕಗಟ್ಟಲೆ ಪ್ರದರ್ಶನಕ್ಕಿಟ್ಟಳು, 1914ರಲ್ಲಿ ಪತ್ರಗಳನ್ನು ಪ್ರಕಟಿಸಿದಳು, 1924ರಲ್ಲಿ ಸೂರ್ಯಕಾಂತಿಯ ಒಂದು ಚಿತ್ರವನ್ನು ಲಂಡನ್ನಿನ ನ್ಯಾಷನಲ್ ಗ್ಯಾಲರಿಗೆ ಕೊಡಲು ಮನಸ್ಸು ಮಾಡಿದಳು. ಕಂತಿನ ಮ್ಯೂಸಿಯಂ ಅಧಿಕಾರಿಯ ಬಾಯಲ್ಲಿ ಬರುವ ಹೊಗಳಿಕೆ ಆಕಾಶದಿಂದ ಉದುರಿದ್ದಲ್ಲ. ಅದರ ಹಿಂದೆ ಒಬ್ಬ ಹೆಣ್ಣುಮಗಳ ಮೂವತ್ತು ವರ್ಷಗಳಿಗೂ ಮೀರಿದ ದುಡಿಮೆಯಿದೆ. ಕಂತಿನಲ್ಲಿ ಅವಳ ಸುಳಿವೇ ಇಲ್ಲ. ತಾರೀಖಿನ ತಪ್ಪುಗಳಿಗಿಂತ ಈ ಲೋಪ ದೊಡ್ಡದೆಂದು ನನಗನ್ನಿಸುತ್ತದೆ.

ಹಿರಿಯ ಮಹಿಳೆ ಇಷ್ಟನ್ನೂ ಕೇಳಿ, "ಸದ್ಯ" ಎಂದರು.

ಇನ್ನೊಬ್ಬರು, ಬದುಕಿದ್ದಾಗ ಅವನನ್ನು ಯಾರೂ ಹೊಗಳಲೇ ಇಲ್ಲವೇ ಎಂದು ಕೇಳಿದರು. ಇದರ ಉತ್ತರ ಬಹುತೇಕ ಯಾರಿಗೂ ಗೊತ್ತಿರಲಿಲ್ಲ, ನನಗೂ ಅಷ್ಟಾಗಿ ಗೊತ್ತಿರಲಿಲ್ಲ. 1890ರ ಜನವರಿಯಲ್ಲಿ ಆಲ್ಬೇರ್ ಓರಿಯೇ ಎಂಬ ಯುವ ವಿಮರ್ಶಕ 'ಮರ್ಕ್ಯೂರ್ ದ ಫ್ರಾನ್ಸ್' ಪತ್ರಿಕೆಯಲ್ಲಿ ವ್ಯಾನ್ ಗೋ ಬಗ್ಗೆ ಉತ್ಸಾಹದ ದೀರ್ಘ ಲೇಖನ ಬರೆದ. ಅದೇ ಹೊತ್ತಿಗೆ ಬ್ರಸೆಲ್ಸ್‌ನ ಪ್ರದರ್ಶನದಲ್ಲಿ ಅವನ 'ಕೆಂಪು ದ್ರಾಕ್ಷಿತೋಟ' ಚಿತ್ರವನ್ನು ಸ್ವತಃ ಕಲಾವಿದೆಯಾಗಿದ್ದ ಆನಾ ಬೊಕ್ 400 ಫ್ರಾಂಕ್ ಕೊಟ್ಟು ಕೊಂಡಳು. ವಿನ್ಸೆಂಟ್ ಓರಿಯೇಗೆ ಸೌಜನ್ಯದಿಂದಲೇ ಉತ್ತರಿಸಿದ, ಕೃತಜ್ಞತೆಗೆ ಸೈಪ್ರೆಸ್ ಮರಗಳ ಒಂದು ಚಿತ್ರವನ್ನೂ ಕೊಡುವುದಾಗಿ ಹೇಳಿದ. ಆದರೆ ಆ ಹೊಗಳಿಕೆ ಸಲ್ಲಬೇಕಾದದ್ದು ತನಗಿಂತ ಮೊದಲು ಮಾಂಟಿಚೆಲ್ಲಿ, ಗೋಗಾಂ ಇಂಥ ಚಿತ್ರಕಾರರಿಗೆ ಎಂದು ಬರೆದ. ಕೆಲವೇ ತಿಂಗಳ ಬಳಿಕ ಥಿಯೊಗೆ ಬರೆದ ಪತ್ರದಲ್ಲಿ, ತನ್ನ ಬಗ್ಗೆ ಇನ್ನು ಲೇಖನ ಬರೆಯಬೇಡವೆಂದು ಓರಿಯೇಗೆ ಹೇಳುವಂತೆ ಕೇಳಿಕೊಂಡ. ದುಃಖದಲ್ಲಿ ಮುಳುಗಿರುವ ತನಗೆ ಪ್ರಚಾರವನ್ನು ಎದುರಿಸುವ ಶಕ್ತಿಯಿಲ್ಲ, ಚಿತ್ರ ಬರೆಯುವುದು ಮನಸ್ಸಿಗೆ ಬಿಡುವು ಕೊಡುತ್ತದೆ, ಅದರ ಬಗ್ಗೆ ಜನ ಆಡುವ ಮಾತು ನೋವು ಕೊಡುತ್ತದೆ ಎಂಬುದು ಆ ಪತ್ರದ ಸಾರ.

ಶಿಕ್ಷಕರು ಇದನ್ನು ಓದಿ ಹೇಳಿದಾಗ ಹಿಂದಿನ ಸಾಲಿನ ಯುವಕ ಮೊದಲ ಬಾರಿಗೆ ಮುಂದಕ್ಕೆ ಬಾಗಿ ಕುಳಿತ. "ಹಾಗಾದರೆ ಹೊಗಳಿಕೆಯನ್ನು ಅವನು ಕಂಡೇ ಇದ್ದ, ಬೇಡವೆಂದಿದ್ದ" ಎಂದ. ಮ್ಯೂಸಿಯಮ್ಮಿನ ದೃಶ್ಯಕ್ಕೆ ಅವನು ಎತ್ತಿದ್ದ ಆಕ್ಷೇಪವನ್ನು ಚಿತ್ರಕಾರನ ಪತ್ರವೇ ಎತ್ತಿಹಿಡಿದಂತಾಗಿತ್ತು. ವಾರದ ಹಿಂದೆ ಹಾಳೆಯ ಮೇಲಿನ ತಾರೀಖುಗಳು ಕೋಣೆಯನ್ನು ಎರಡು ಪಾಲು ಮಾಡಿದ್ದವು. ಇಂದು ಅದೇ ಶಿಕ್ಷಕರು ಅದೇ ಬಗೆಯ ಸಂಗತಿಗಳನ್ನು ಹೇಳಿದಾಗ ಅತ್ತವರೂ ಸಿಟ್ಟಾದವನೂ ಒಟ್ಟಿಗೆ ಕಿವಿಗೊಟ್ಟರು.

ಅದಾದ ಮೇಲೆ ಕೊನೆಯ ಭಾಗವನ್ನು ಹಾಕಲಾಯಿತು. ಅಪ್ಪುಗೆಯ ಬಳಿ ನಿಲ್ಲಿಸಿದಾಗ ಆದ ಮಾತು ಹೆಚ್ಚೇನಿಲ್ಲ. ಎಲ್ಲರಿಗೂ ಮುಂದಿನದು ನೋಡಬೇಕಿತ್ತು. ಏಮಿ ಮೆಟ್ಟಿಲೇರಿ ಓಡಿಬಂದು, ಹೊಸ ಚಿತ್ರಗಳಿಲ್ಲವೆಂದು ತಿಳಿದು ನಿಲ್ಲುವುದನ್ನು ಈ ಬಾರಿ ಅದಕ್ಕೆಂದೇ ಕಾದು ನೋಡಿದರು. ಒಳ್ಳೆಯದರ ರಾಶಿ ಕೆಟ್ಟದ್ದನ್ನು ಯಾವಾಗಲೂ ಕರಗಿಸುವುದಿಲ್ಲ, ಹಾಗೆಂದು ಕೆಟ್ಟದ್ದು ಒಳ್ಳೆಯದನ್ನು ಇಲ್ಲವಾಗಿಸುವುದೂ ಇಲ್ಲ ಎಂಬರ್ಥದ ಡಾಕ್ಟರ್‌ನ ಮಾತು ಬರುವುದು ಆಮೇಲೆಯೇ. ಹಳೆಯ ಅಭಿಮಾನಿ, ತಾನು ಈ ಕಂತನ್ನು ಎಷ್ಟು ಬಾರಿ ನೋಡಿದ್ದರೂ ಹೊಗಳಿಕೆ ವಿನ್ಸೆಂಟನನ್ನು ಉಳಿಸುತ್ತದೆಂದು ಕಂತು ಎಲ್ಲಿಯೂ ಹೇಳುವುದಿಲ್ಲ, ಉಳಿಸುತ್ತದೆಂದು ನಂಬಿದವಳು ಏಮಿ, ಅವಳ ಜತೆ ನಂಬಿದವರು ನಾವು, ಇದು ತನಗೀಗ ಕಾಣುತ್ತಿದೆ ಎಂದರು. ಚಿತ್ರಕಲೆಯ ವಿದ್ಯಾರ್ಥಿನಿಯೊಬ್ಬಳು ಮ್ಯೂಸಿಯಮ್ಮಿನ ದೃಶ್ಯ ವಿನ್ಸೆಂಟನಿಗಾಗಿ ಬರೆದದ್ದಲ್ಲ, ನೋಡುವವರು ತೀರಿಸಲಾಗದ ಋಣವನ್ನು ತೀರಿಸಿದಂತೆ ಆಡುವ ಆಟ ಎಂದಳು. ಹಾಗೆಂದೇ ತನಗೆ ಅದು ಇಷ್ಟ ಎಂದೂ ಸೇರಿಸಿದಳು.

ಯುವಕ ಪೂರ್ತಿ ಒಪ್ಪಲಿಲ್ಲ. ಕಂತು ಸುಳ್ಳು ಹೇಳುವುದಿಲ್ಲವೆಂಬುದನ್ನು ಒಪ್ಪಿಕೊಂಡ; ಆದರೆ ಜನ ಹಂಚುವುದು ತುಣುಕನ್ನೇ ಆಗಿರುವಾಗ, ಕಂತು ಏನು ಹೇಳುತ್ತದೆಂಬುದರಿಂದ ಯಾರಿಗೆ ಪ್ರಯೋಜನ ಎಂದು ಕೇಳಿದ. ಆ ಪ್ರಶ್ನೆಗೆ ಅಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಅವನು ಆ ಬಳಿಕವೂ ಬಳಗಕ್ಕೆ ಬರುತ್ತಿದ್ದ.

ಈ ಪ್ರಕರಣದಿಂದ ತಿಳಿಯುವುದು

ಐತಿಹಾಸಿಕ ವ್ಯಕ್ತಿಯೊಬ್ಬರು ಕಲ್ಪಿತ ಕಥೆಗೆ ಬಂದಾಗ ನೋಡುವವರಲ್ಲಿ ಏಳುವ ಪ್ರತಿಕ್ರಿಯೆಗಳನ್ನು 'ನಿಜಕ್ಕೆ ಹತ್ತಿರವಿದೆ, ಇಲ್ಲ' ಎಂಬ ತಕ್ಕಡಿಯಲ್ಲಿ ತೂಗುವ ಅಭ್ಯಾಸ ನಮಗೆಲ್ಲ ಇದೆ. ಈ ಬಳಗದಲ್ಲಿ ಜಗಳವಿದ್ದುದು ಅದರ ಬಗ್ಗೆ ಅಲ್ಲ. ಸತ್ತವನಿಗೆ, ಅವನು ಬದುಕಿದ್ದಾಗ ಸಿಗದ ಸಮಾಧಾನವನ್ನು ನಾವು ಕಥೆಯಲ್ಲಿ ಕೊಟ್ಟುಕೊಳ್ಳಬಹುದೇ ಎಂಬುದು ಒಳಗಿದ್ದ ಪ್ರಶ್ನೆ. ಅತ್ತವರು ಹೌದೆಂದಿದ್ದರು, ಯುವಕ ಇಲ್ಲವೆಂದಿದ್ದ, ತಪ್ಪು ಹುಡುಕಿದವರು ಆ ಪ್ರಶ್ನೆಯನ್ನು ಎದುರಿಸದೆ ಪಕ್ಕಕ್ಕೆ ಸರಿದಿದ್ದರು. ಸಂಚಾಲಕರಿಗೆ ಇದು ಮೊದಲ ಸಂಜೆಯೇ ಕಾಣಲಿಲ್ಲವಾದ್ದರಿಂದ ತಾರೀಖಿನ ಚರ್ಚೆಯೇ ಮುಖ್ಯ ಚರ್ಚೆಯಂತೆ ನಡೆದುಹೋಯಿತು.

ಹಾಳೆ ಹಂಚಿದ್ದೇ ಕೆಡುಕಾಯಿತೆಂದು ಇದರಿಂದ ತೀರ್ಮಾನಿಸುವುದು ಅವಸರವಾದೀತು. ಶಿಕ್ಷಕರ ತಿಳಿವಳಿಕೆಯಿಲ್ಲದಿದ್ದರೆ ಓರಿಯೇ ಲೇಖನವೂ ಯೋ ಕಥೆಯೂ ಆ ಕೋಣೆಗೆ ಬರುತ್ತಲೇ ಇರಲಿಲ್ಲ. ಬರಿಯ ಭಾವನೆಗಳನ್ನು ಹಂಚಿಕೊಂಡು ಮನೆಗೆ ಹೋಗುತ್ತಿದ್ದರು. ಮೊದಲ ಸಂಜೆ ಸಂಗತಿಗಳು ಯಾರೂ ಕೇಳುವ ಮೊದಲೇ ಬಂದವು. ಎರಡನೆಯ ಸಂಜೆ ಒಬ್ಬ ತಾಯಿ 'ಅವನಿಗೆ ಮನೆಯವರಿರಲಿಲ್ಲವೇ' ಎಂದು ಕೇಳಿದ ಮೇಲೆ ಬಂದವು. ತುಣುಕಿನ ಸಮಸ್ಯೆಯನ್ನೂ ಇಂಥ ಕಂತು ತೋರಿಸುವವರು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ: ವೀಕ್ಷಕರು ಕೋಣೆಗೆ ಬರುವಾಗಲೇ ಕಂತಿನ ಒಂದು ಭಾಗಕ್ಕೆ ಪ್ರತಿಕ್ರಿಯೆಯನ್ನು ಸಿದ್ಧಮಾಡಿಕೊಂಡು ಬಂದಿರುತ್ತಾರೆ, ಇಡೀ ಕಂತನ್ನು ತೋರಿಸಿದ ಮಾತ್ರಕ್ಕೆ ಅದು ಅಳಿಸಿಹೋಗುವುದಿಲ್ಲ.

ಬಳಗ ಮುಂದೆ ಅದೇ ಧಾರಾವಾಹಿಯ 2018ರ 'ರೋಸಾ' ಕಂತನ್ನು ಎತ್ತಿಕೊಂಡಿತು. 1955ರ ಡಿಸೆಂಬರ್ 1ರಂದು ಅಮೆರಿಕದ ಮಾಂಟ್ಗೊಮೆರಿಯ ಬಸ್ಸಿನಲ್ಲಿ ಕಪ್ಪು ಮಹಿಳೆ ರೋಸಾ ಪಾರ್ಕ್ಸ್ ಬಿಳಿಯ ಪ್ರಯಾಣಿಕನಿಗೆ ಸೀಟು ಬಿಡಲು ನಿರಾಕರಿಸಿದ ಘಟನೆ ಅದರ ವಸ್ತು. ಆ ಘಟನೆ ನಡೆದೇ ತೀರಬೇಕೆಂದರೆ ಡಾಕ್ಟರ್ ಮತ್ತು ಜತೆಗಾರರು ತಾವೂ ಅದೇ ಬಸ್ಸಿನಲ್ಲಿ ಸೀಟು ತುಂಬಿಸಿ, ಬಾಯಿ ಮುಚ್ಚಿಕೊಂಡು ಕುಳಿತಿರಬೇಕಾಗುತ್ತದೆ. ಅದಕ್ಕೆ ಹಾಳೆ ಬೇಡವೆಂದು ಶಿಕ್ಷಕರೇ ಸೂಚಿಸಿದರು. ಈ ಬಾರಿ ವಿರೋಧಿಸಿದ್ದು ದಾದಿ. ವ್ಯಾನ್ ಗೋ ಬಗ್ಗೆ ಜನರಿಗೆ ಕಡಿಮೆ ಗೊತ್ತಿತ್ತು, ಪಾರ್ಕ್ಸ್ ಬಗ್ಗೆ ತಪ್ಪಾಗಿ ಗೊತ್ತಿದೆ, ದಣಿದ ಹೊಲಿಗೆ ಕೆಲಸದಾಕೆಯೊಬ್ಬಳು ಅಕಸ್ಮಾತ್ತಾಗಿ ಎದುರು ನಿಂತಳೆಂಬ ನಂಬಿಕೆಯನ್ನಿಟ್ಟುಕೊಂಡೇ ಕಂತು ನೋಡಿದರೆ ಆಕೆಗೆ ಅನ್ಯಾಯ ಮಾಡಿದಂತೆ ಎಂದು ಆಕೆ ವಾದಿಸಿದರು. ಹಾಗಾಗಿ ಪಾರ್ಕ್ಸ್ ಅಷ್ಟರಲ್ಲಾಗಲೇ ವರ್ಷಗಳಿಂದ ನಾಗರಿಕ ಹಕ್ಕುಗಳ ಸಂಘಟನೆಯ ಸ್ಥಳೀಯ ಶಾಖೆಯಲ್ಲಿ ಕಾರ್ಯದರ್ಶಿಯಾಗಿ ದುಡಿದವರು, ಅದೇ ವರ್ಷ ಮಾರ್ಚಿನಲ್ಲಿ ಹದಿನೈದು ವರ್ಷದ ಕ್ಲಾಡೆಟ್ ಕೊಲ್ವಿನ್ ಅದೇ ಊರಿನ ಬಸ್ಸಿನಲ್ಲಿ ಸೀಟು ಬಿಡದೆ ಬಂಧನಕ್ಕೊಳಗಾಗಿದ್ದಳು, ಪಾರ್ಕ್ಸ್ ಬಂಧನದ ಬೆನ್ನಿಗೆ ಶುರುವಾದ ಬಸ್ ಬಹಿಷ್ಕಾರ 381 ದಿನ ನಡೆಯಿತು ಎಂಬಷ್ಟನ್ನು ಅರ್ಧ ಪುಟದಲ್ಲಿ ಅಚ್ಚುಮಾಡಿ, ಪ್ರದರ್ಶನಕ್ಕೆ ಮೊದಲೇ ಎಲ್ಲರ ಕೈಗೆ ಕೊಡಲಾಯಿತು.